ಕೊನೆಯ ಬಾಗಿಲು

ನವೆಂಬರ್ ೧೨, ಬುಧವಾರ

ಮೂರು ಇಂಚು. ಬೆಳಗ್ಗಿನಿಂದ ಅದೊಂದೇ ತಲೆಯಲ್ಲಿ ಕೊರೆಯುತ್ತಿದೆ.

ಶಾಂಘೈಯಿಂದ ಹ್ಯೂಸ್ಟನ್‌ಗೆ ಹೋಗುವ ದೈತ್ಯ ಟ್ರಾನ್ಸ್‌ಫಾರ್ಮರಿಗಾಗಿ ತಿಂಗಳಿಡೀ ತಲೆ ಕೆಡಿಸಿಕೊಂಡವಳು ನಾನು. ಹಡಗಿನ ಕ್ರೇನ್ ಎಷ್ಟು ಎತ್ತುತ್ತದೆ, ಅಮೆರಿಕದ ದಾರಿಯಲ್ಲಿ ಅದು ಯಾವ ಸೇತುವೆಯಡಿ ತೂರುತ್ತದೆ, ಎಲ್ಲ ಬಾಯಿಪಾಠ. ಪಾರ್ಶ್ವವಾಯು ಬಡಿದ ಗಂಡನನ್ನು ಇವತ್ತು ಆಸ್ಪತ್ರೆಯಿಂದ ಕರೆತರುವ ಮೊದಲು ಗಲ್ಫಿನ ಈ ಊರಿನ ಮುಂತಜಾ ಬಡಾವಣೆಯಲ್ಲಿರುವ ನಮ್ಮದೇ ಹಳೆ ಬಿಲ್ಡಿಂಗಿನ ಲಿಫ್ಟಿನ ಬಾಗಿಲು ಅಳೆಯಲಿಲ್ಲ. ತಲೆ ಒರಗಿಸುವ ಆ ದೊಡ್ಡ ವೀಲ್‌ಚೇರ್ ಬಾಗಿಲಿಗಿಂತ ಮೂರು ಇಂಚು ಅಗಲ, ಒಳಗೆ ಹೋಗಲೇ ಇಲ್ಲ.

ಕೆಳಗಿನ ಅಂಗಡಿಯ ಪೊಡಿಯಬ್ಬ ಕಾಕ ಪ್ಲಾಸ್ಟಿಕ್ ಕುರ್ಚಿ ತಂದರು. “ಯಲ್ಲಾ, ನಡಿ ನಡಿ, ನೀನು ಕಾಲು ಹಿಡಿ” ಎಂದು ವಾಚ್‌ಮನ್‌ಗೆ ಹೇಳಿ ಇವರನ್ನು ಎತ್ತಿ ಅದರಲ್ಲಿ ಕೂರಿಸಿ ಲಿಫ್ಟಿನೊಳಗೆ ಇಟ್ಟರು. ನೆರೆಯವರೆಲ್ಲ ನಿಂತು ನೋಡಿದರು. ಇಪ್ಪತ್ತು ವರ್ಷ ಬಂದರಿನಲ್ಲಿ ಭಾರ ಎತ್ತಿಸಿದ ಮನುಷ್ಯ ಕಣ್ಣು ಮುಚ್ಚಿಕೊಂಡರು.

ಈ ಸರಕು ಸಾಗಣೆಯ ಕೆಲಸ ನನಗೆ ಕಲಿಸಿದ್ದೇ ಇವರು. “ಹೊರಡುವ ಜಾಗ ಆಮೇಲೆ ನೋಡು ಶಬ್ನಮ್, ಕೊನೇ ಬಾಗಿಲು ಮೊದಲು ಅಳತೆ ಮಾಡು” ಎನ್ನುತ್ತಿದ್ದರು. ಇವತ್ತು ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ.

ಮಲಗಿಸಿದ ಮೇಲೆ ಗೋಡೆಯ ಕಡೆ ಮುಖ ಮಾಡಿ, ತೊದಲುತ್ತ, “ಇನ್ನು ನನ್ನನ್ನು ಕೆಳಗೆ ಇಳಿಸ್ಬೇಡ” ಎಂದರು.

ಪಕ್ಕದೂರು ಅಲ್ ವಕ್ರಾದಲ್ಲಿ ಅಗಲ ಲಿಫ್ಟಿರುವ ಮನೆ ಖಾಲಿ ಇದೆಯಂತೆ. ಅಳತೆಯ ಟೇಪು ಬ್ಯಾಗಿಗೆ ಹಾಕಿದ್ದೇನೆ. ನಾಳೆಯೇ ಹೋಗಿ ಅಳೆದು ಬರುತ್ತೇನೆ, ಬಾಗಿಲು, ಮೂಲೆ, ಎಲ್ಲ. ಆದರೆ ಅಲ್ಲಿಗೆ ಹೋಗಬೇಕಾದರೂ ಇವರು ಇಲ್ಲಿಂದ ಒಮ್ಮೆ ಇಳಿಯಲೇಬೇಕಲ್ಲ.