ಅಪ್ಪನ ಪಕ್ಕದ ಜಾಗ

ನನ್ನವ್ವ ಭರಮಮ್ಮನಿಗೆ, ಮಗಳು ಶಿವಲೀಲಾ ಮಾಡುವ ಶರಣು.

ಇತ್ತ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತ ನೀನು ಹೇಗಿದ್ದೀ ಎಂದು ಕೇಳುವುದು ಕಾಗದದ ರೂಢಿ. ಸತ್ತವರನ್ನು ಹಾಗೆ ಕೇಳಬಹುದೋ ಬಾರದೋ ನನಗೆ ತಿಳಿಯದು. ನಿನಗೆ ಓದು ಬಾರದೆಂಬುದೂ ಗೊತ್ತಿದೆ. ಹರಪನಹಳ್ಳಿಯಿಂದ ಸೋದರಮಾವ ಬರೆದ ಕಾಗದವನ್ನು ಅಪ್ಪ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದ. ನೀನು ಜೋಳ ಕೇರುತ್ತಾ, "ಇನ್ನೊಂದು ಸಲ ಓದ್ರಿ, ನಡುವ ಏನೋ ಬಿಟ್ರಿ" ಎಂದು ಬೇಕೆಂದೇ ತಕರಾರು ತೆಗೆಯುತ್ತಿದ್ದೆ. ಅಪ್ಪ ಹೋದ ಮೇಲೆ ನಾನು ಓದಲು ಬಂದರೆ, "ನೀ ಭಾಳ ಲಗೂ ಓದ್ತಿ, ನನಗ ತಿಳಿಯಂಗಿಲ್ಲ, ಇಡು ಅತ್ತಾಗ" ಅಂದುಬಿಡುತ್ತಿದ್ದೆ. ಹಾಗಿದ್ದೂ ಇಷ್ಟು ವರ್ಷದ ಮೇಲೆ ನಿನಗೇ ಬರೆಯಲು ಕೂತಿದ್ದೇನೆ. ಯಾಕೆಂದು ಕಡೆಗೆ ಹೇಳುತ್ತೇನೆ, ಅವಸರ ಮಾಡಬೇಡ.

ನಾನೀಗ ಕಂಡಕ್ಟರ್, ಅವ್ವ. ಹಗರಿಬೊಮ್ಮನಹಳ್ಳಿ ಡಿಪೊ, ಕೊಟ್ಟೂರು ಗಾಡಿ. ಅರ್ಜಿ ಹಾಕಿದ ದಿನ ನೀನು ಒಲೆಯ ಮುಂದೆ ಕೂತು ಕೇಳಿದ್ದೆ, "ಲೇ ಶಿವಲೀಲಾ, ನಿನ್ನ ಗಾಡಿ ಹತ್ತಿದ್ರ ನನಗೂ ಟಿಕೆಟ್ ಕೇಳ್ತಿಯೇನ?" ನಾನು, "ಕೇಳ್ತೀನಿ ಮತ್ತ, ರೊಕ್ಕ ಇಲ್ದಿದ್ರ ನಡುದಾರ್ಯಾಗ ಇಳಸ್ತೀನಿ" ಎಂದಿದ್ದೆ. ನೀನು ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಿದ್ದೆ. ಆದೇಶ ಬರುವಷ್ಟರಲ್ಲಿ ನೀನೇ ಇರಲಿಲ್ಲ. ಈಗ ಹೆಂಗಸರಿಗೆ ಬಸ್ಸು ಬಿಟ್ಟಿ. ಬೆಳಿಗ್ಗೆ ನನ್ನ ಗಾಡಿಯಲ್ಲಿ ಗಂಡಸರಿಗೆ ಕಾಲಿಡಲು ಜಾಗವಿರುವುದಿಲ್ಲ. ನೀನಿದ್ದಿದ್ದರೆ ದಿನಾ ಒಂದು ನೆವ ಹೂಡಿ ಹತ್ತಿ, ನನಗಿಂತ ಮೊದಲು ಎಲ್ಲರ ಸುದ್ದಿ ತಿಳಿದುಕೊಳ್ಳುತ್ತಿದ್ದೆ.

ನಮ್ಮ ಹೊಲದ ಮುಂದೆ ಈಗೊಂದು ಸ್ಟಾಪು ಇದೆ. ಅದರ ಹೆಸರು ಫ್ಯಾಕ್ಟರಿ. ಟಿಕೆಟ್ ಯಂತ್ರದೊಳಗೂ ಆ ಹೆಸರು ಸೇರಿಹೋಗಿದೆ. "ಫ್ಯಾಕ್ಟರಿ ಇಳಿಯೋರು ಮುಂದ ಬರ್ರಿ" ಎಂದು ನಾನು ದಿನಾ ಕೂಗುತ್ತೇನೆ. ಕಳೆ ತೆಗೆಯಲು ಬಂದ ಹೆಂಗಸರು ಇಳಿಯುತ್ತಾರೆ, ಕಂಬಳಿ ಹೊದ್ದ ಕುರಿಯವರು ಇಳಿಯುತ್ತಾರೆ. ಹೊಸಬರು ಯಾರಾದರೂ ಕಿಟಕಿಯಿಂದ ಇಣುಕಿ, "ಎಲ್ಲೈತ್ರಿ ಮೇಡಂ ಫ್ಯಾಕ್ಟರಿ?" ಎಂದರೆ, "ಒಪ್ಪಂದದಾಗ ಐತ್ರಿ, ನೀವು ಇಳೀರಿ" ಎನ್ನುತ್ತೇನೆ. ಬಸ್ಸೆಲ್ಲ ನಗುತ್ತದೆ. ಅಲ್ಲಿ ಓಬಳೇಶನ ಚಹದಂಗಡಿಯೊಂದಿದೆ, ಸ್ಟೀಲ್ ಸಿಟಿ ಟೀ ಸ್ಟಾಲ್ ಅಂತ. ಕಾರ್ಖಾನೆ ಕಟ್ಟಲು ಸಾವಿರ ಮಂದಿ ಬರುತ್ತಾರೆಂದು ತೆರೆದವನು, ಈಗ ಬಸ್ಸಿಗೆ ಕಾಯುವವರಿಗೆ ಚಹ ಕೊಟ್ಟುಕೊಂಡಿದ್ದಾನೆ. ನಗುವವರ ಜೊತೆ ನಾನೂ ನಗುತ್ತೇನೆ. ಗಾಡಿ ಮುಂದೆ ಸರಿಯುವಾಗ ಮಾತ್ರ ಬದುವಿನ ಕಡೆ ನೋಡಲಾರದೆ ಚಿಲ್ಲರೆ ಎಣಿಸಿದಂತೆ ಮಾಡುತ್ತೇನೆ.

ಅಪ್ಪನನ್ನು ಮಣ್ಣು ಮಾಡಿದ ದಿನ ನನಗೆ ನೆನಪಿರುವುದು ನಿನ್ನ ಅಳುವಲ್ಲ, ನೀನು ಜಾಗ ಹಿಡಿದದ್ದು. ನಮ್ಮಲ್ಲಿ ಹೊಲ ಇದ್ದವರು ತಮ್ಮ ಹೊಲದಲ್ಲೇ ಮಲಗುತ್ತಾರೆ, ಗಂಡನ ಪಕ್ಕ ಹೆಂಡತಿ. ನೀನು ಕುಣಿ ತೋಡುವವರ ಹತ್ತಿರ ಹೋಗಿ, "ಬದುವಿಗೆ ಹತ್ತಿಸಿ ತೋಡಬ್ಯಾಡ್ರಪ್ಪಾ, ಪಕ್ಕಕ್ಕ ನನಗ ಜಾಗ ಬೇಕು" ಎಂದೆ. ಹದಿನೈದು ದಿನ ಕಳೆಯುವ ಮೊದಲೇ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹುಗಿದೆ. ಆಮೇಲೆ ಅದರೊಳಗೆ ನೇಗಿಲು ಹೋಗಲಿಲ್ಲ, ಟ್ರ್ಯಾಕ್ಟರೂ ಹೋಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಅಲ್ಲಿಯೇ ಉಣ್ಣುತ್ತಿದ್ದೆ. ಇದೇನು ಜೀವ ಇರುವಾಗಲೇ ಕುಣಿಯ ಮೇಲೆ ಕೂರುವುದು ಎಂದು ನಾನು ರೇಗಿದರೆ, "ಮನಿ ಕಟ್ಟಸೋರು ಹೋಗಿ ಹೋಗಿ ನೋಡಿ ಬರಂಗಿಲ್ಲೇನು? ನಂದೂ ಹಂಗ. ನಿಮ್ಮಪ್ಪ ಒಬ್ಬಾತನ ಅದಾನ ಇಲ್ಲಿ" ಎನ್ನುತ್ತಿದ್ದೆ. ನೀನು ಬಾಯಿಬಿಟ್ಟು ಕೇಳಿದ ಆಸ್ತಿ ಅಂದರೆ ಅದೊಂದೇ.

ಆಗಲೇ ಒಪ್ಪಂದದ ಸುದ್ದಿ ಬಂದದ್ದು. ಬೆಂಗಳೂರಿನ ದೊಡ್ಡ ಹಾಲಿನಲ್ಲಿ ಕೋಟು ತೊಟ್ಟವರು ರಟ್ಟಿನ ಫೈಲು ಅದಲುಬದಲು ಮಾಡಿಕೊಂಡು ಕೈಕುಲುಕಿದ್ದನ್ನು ಟೀವಿಯಲ್ಲಿ ಊರೆಲ್ಲ ನೋಡಿತು. ಹಡಗಲಿ ಕಡೆಗೊಂದು, ಹರಪನಹಳ್ಳಿ ಕಡೆಗೊಂದು, ಕೂಡ್ಲಿಗಿ ಕಡೆಗೆರಡು, ಪ್ರಸಾದ ಹಂಚಿದಂತೆ ಕಾರ್ಖಾನೆ ಹಂಚಿದರು. ನಮ್ಮ ಪಾಲಿಗೆ ಬಂದದ್ದು ಉಕ್ಕಿನದು. ಸರ್ವೆಯವರು ಬಂದು ಹೊಲದ ಗಡಿಕಲ್ಲಿಗೆ ಕೆಂಪು ಬಣ್ಣ ಬಳಿದಾಗ ನೀನು ಸೆರಗು ಬಿಗಿದು ಎದುರು ನಿಂತೆ. "ಇಲ್ಲಿ ನಮ್ಮ ಯಜಮಾನ್ರು ಮಲಗ್ಯಾರ, ನಿಮ್ಮ ಫ್ಯಾಕ್ಟರಿ ಸ್ವಲ್ಪ ಅತ್ತಾಗ ಹಾಕ್ರಿ." ಆ ಹುಡುಗ ಮರ್ಯಾದಸ್ತ, ಇದು ಇನ್ನೂ ಬರೀ ಒಪ್ಪಂದ ಅಮ್ಮಾ ಅಂದ. "ಒಪ್ಪಂದ ಅಂದ್ರ ಒಪ್ಪಬೇಕಲ್ರಿ. ಹೊಲ ನಮ್ದು. ನಮ್ಮನ್ಯಾಗ ಒಪ್ಪಿದೋರು ಯಾರು?" ಎಂದು ನೀನು ಕೇಳಿದೆ. ಅವನು ಟೇಪು ಸುತ್ತಿಕೊಂಡು ಪಕ್ಕದ ಹೊಲಕ್ಕೆ ಹೋದ.

ಮುಂದಿನ ಬೇಸಿಗೆಗೆ ನೀನು ಹೋದೆ. ಆ ಮಧ್ಯಾಹ್ನ ಅಂಗಳದಲ್ಲಿ ನಡೆದ ಮಾತು ನಿನಗೆ ಕೇಳಿಸಿತ್ತೋ ಇಲ್ಲವೋ. ದೊಡ್ಡಪ್ಪ ಹಾಲೇಶಪ್ಪ ಎಲ್ಲೋ ಕಂಪನಿ ಹಿಡಿದ ಜಮೀನಿನಲ್ಲಿ ಹಳೆಯ ಸಮಾಧಿಗಳ ಮೇಲೆ ಜೆಸಿಬಿ ಹಾಯ್ದದ್ದನ್ನು ಕಣ್ಣಾರೆ ನೋಡಿ ಬಂದಿದ್ದ. "ಹೊಲದಾಗ ಇಟ್ರ ನಾಳೆ ಭರಮವ್ವನ ಎದಿ ಮ್ಯಾಲ ಕುಲುಮಿ ಉರಿತೈತಿ" ಎಂದ. ಅಣ್ಣ ಬೀರಲಿಂಗೇಶ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ನಿನ್ನ ನಾಲ್ಕು ಕಲ್ಲು ಎಲ್ಲರಿಗೂ ನೆನಪಿದ್ದವು, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಕೆರೆ ಏರಿಯ ಕೆಳಗಿನ ಊರ ಸ್ಮಶಾನದಲ್ಲಿ ನಿನ್ನನ್ನು ಮಲಗಿಸಿದೆವು. ಹೇಗೂ ಪರಿಹಾರ ಬಂದು ಹೊಲ ಹೋಗುವಾಗ ಅಪ್ಪನ ಒಂದು ಹಿಡಿ ಮಣ್ಣು ತಂದು ನಿನ್ನ ಮಣ್ಣಿಗೆ ಕೂಡಿಸಿದರಾಯಿತು ಎಂದು ದೊಡ್ಡಪ್ಪನೇ ದಾರಿ ಹೇಳಿದ. "ಆದ್ರ ಒಂದಾ ಸಲ. ಗಂಡ ಹೆಂಡ್ತಿ ಮಣ್ಣು ಕೂಡಿಸಿದ ಮ್ಯಾಲ ಮತ್ತ ಎತ್ತಾಂಗಿಲ್ಲ."

ನಿನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ ಕೆಲಸ ಅದು. ಇಲ್ಲದ ಕುಲುಮೆಯ ಬಿಸಿ ನಿನಗೆ ತಾಗಬಾರದೆಂದು ನಿನ್ನನ್ನು ದೂರ ಇಟ್ಟೆವು. ಸೀಮೆಯಲ್ಲಿ ಬೇರೆ ಯಾರೂ ಇಂಥ ಜಾಣತನ ಮಾಡಿರಲಿಕ್ಕಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನೋಡಿ ನೀನು ಬೈಯುತ್ತಿದ್ದೆ, ಆ ಬೈಗುಳವನ್ನೆಲ್ಲ ಈಗ ನಮಗೇ ಬೈದುಬಿಡು.

ಕಂಪನಿ ಬರಲಿಲ್ಲ. ಅದಿರು ಸಿಗಲಿಲ್ಲ ಎಂದರು, ನೀರು ಸಿಗಲಿಲ್ಲ ಎಂದರು, ಮಾಲೀಕರೇ ಬದಲಾದರು ಎಂದರು. ಹಾಗೆಂದು ಹೊಲವನ್ನು ಬಿಟ್ಟುಕೊಟ್ಟರೇ? ಅದೂ ಇಲ್ಲ. ವೀಳ್ಯ ಮಾಡಿಕೊಂಡು ಹೋದ ಗಂಡಿನವರು ಮದುವೆಗೂ ಬಾರದೆ, ಬೇಡವೆಂದೂ ಹೇಳದೆ ಇದ್ದರೆ ಹುಡುಗಿಯ ಗತಿ ಏನಾಗುತ್ತದೋ ನಮ್ಮ ಹೊಲದ ಗತಿ ಅದೇ ಆಯಿತು. ಪಹಣಿಯಲ್ಲಿ ಇದು ಕಾರ್ಖಾನೆಗೆ ಗೊತ್ತುಮಾಡಿದ ಜಮೀನು ಎಂಬ ಒಂದು ಸಾಲು ಕೂತುಬಿಟ್ಟಿತು. ಬೋರು ಹಾಕಿಸಲು ಅಣ್ಣನಿಗೆ ಧೈರ್ಯ ಬರಲಿಲ್ಲ. ತಡವಾಗಿ ಫಲ ಕೊಡುವ ಮರವನ್ನೂ ನೆಡಲಿಲ್ಲ. ಆ ವರ್ಷಕ್ಕೆ ಮುಗಿಯುವ ಸಜ್ಜೆ, ಶೇಂಗಾ ಅಷ್ಟೇ ಬಿತ್ತಿದ. ನಿಮ್ಮಿಬ್ಬರ ಮಣ್ಣು ಕೂಡಿಸುವ ಮಾತು ಬಂದಾಗಲೆಲ್ಲ ಎಲ್ಲಿ ಕೂಡಿಸುವುದು ಎಂಬಲ್ಲಿಗೆ ನಿಲ್ಲುತ್ತಿತ್ತು. ಅಪ್ಪನನ್ನು ಕೆರೆ ಏರಿಗೆ ತಂದರೆ ಹೊಲದ ಆಸೆ ಬಿಟ್ಟಂತೆ. ನಿನ್ನನ್ನು ಹೊಲಕ್ಕೆ ಒಯ್ದರೆ, ಮತ್ತೆ ಕಂಪನಿ ಬಂದರೆ? ಎರಡನೆಯ ಸಲ ಎತ್ತುವಂತಿಲ್ಲವಲ್ಲ. ಮನಸ್ಸು ಗಟ್ಟಿ ಮಾಡುವಷ್ಟರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಸಮಾವೇಶ, ಇನ್ನೊಂದು ಕಂಪನಿ, ಅದೇ ರಟ್ಟಿನ ಫೈಲು. ಹಬ್ಬ ಹಬ್ಬಕ್ಕೂ ಹಿರಿಯರ ಎಡೆಯನ್ನು ಅತ್ತಿಗೆ ಶೈಲಾ ಎರಡು ಮಾಡಿ, ಒಂದನ್ನು ಹೊಲಕ್ಕೂ ಒಂದನ್ನು ಏರಿಗೂ ಒಯ್ಯುತ್ತಿದ್ದಳು. ಬದುಕಿದ್ದಾಗ ಒಂದೇ ಗಂಗಾಳದಲ್ಲಿ ಉಂಡವರು ನೀವು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಒಂದು ಹೆಸರೂ ಇರಲಿಲ್ಲ, ಕಂಪನಿಯವರು ಹೊಲದ ಮುಂದೆ ನೆಟ್ಟ ಬೋರ್ಡಿನ ಮೇಲಿನ ಹೆಸರೂ ಬಿಸಿಲಿಗೆ ಅಳಿಸಿಹೋಗಿತ್ತು.

ಈ ವರ್ಷ ಮತ್ತೆ ಪೇಪರಿನಲ್ಲಿ ಬಂತು. ಹೊಸ ಕಂಪನಿ, ಅದೇ ಹೋಬಳಿ. ಅಣ್ಣ ಪೇಪರು ಮಡಚಿಟ್ಟು, "ಸಾಕು ತಂಗಿ. ಅಪ್ಪನ್ನ ಅವ್ವನ ಹತ್ರ ತಂದುಬಿಡಾನು. ಆಮ್ಯಾಲ ಹೊಲ ಯಾರರ ಒಯ್ಯಲಿ" ಎಂದ. ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ನಾನು, ಅಣ್ಣ, ದೊಡ್ಡಪ್ಪ ಸಲಿಕೆ ಹಿಡಿದು ಹೊಲಕ್ಕೆ ಹೋದೆವು.

ಅತ್ತಿಗೆ ಅಲ್ಲಿ ಊಟ ಮಾಡುತ್ತಿದ್ದಳು, ಅವ್ವ. ನಿನ್ನ ನಾಲ್ಕು ಕಲ್ಲಿನ ನಡುವೆ ಕೂತು, ಬುತ್ತಿ ಬಿಚ್ಚಿಕೊಂಡು. ನಾವು ನಿನ್ನನ್ನು ಏರಿಯ ಕೆಳಗೆ ಇಟ್ಟ ಮೇಲೂ ಆ ಜಾಗಕ್ಕೆ ಅವಳು ಟ್ರ್ಯಾಕ್ಟರು ಇಳಿಸಗೊಟ್ಟಿರಲಿಲ್ಲ. ಕಸ ತೆಗೆದು, ಸಾರಿಸಿದ ಅಂಗಳದ ಹಾಗೆ ಇಟ್ಟುಕೊಂಡಿದ್ದಳು. ಸುತ್ತ ಸಜ್ಜೆ ತೆನೆ ತೂಗುತ್ತಿತ್ತು. ಅಣ್ಣ ಅಪ್ಪನ ತಲೆಯ ಕಡೆ ಸಲಿಕೆ ಊರಿದ, ಮತ್ತೆ ಎತ್ತಿದ. "ಎಬ್ಬಸಾಕ ಕೈ ಬರವಲ್ದು" ಎಂದ. ಶೈಲಾ ಕೈ ತೊಳೆದು ಎದ್ದು ಬಂದಳು. "ಎಷ್ಟು ಕಂಪನಿ ಬಂದ್ವು ಹೋದ್ವು. ಈ ಜಾಗಕ್ಕ ನಮ್ಮತ್ತಿಯವ್ರು ಮಾಡಿದ್ದಾ ಖರೇ ಒಪ್ಪಂದ ನೋಡ್ರಿ. ಮಾವನವ್ರು ಯಾಕ ಎದ್ದು ಬರ್ಬೇಕು? ಅತ್ತಿಯವ್ರನ್ನ ಕರ್ಕೊಂಡು ಬರ್ರಿ."

"ಕೂಡಿಸಿದ ಮ್ಯಾಲ ಎತ್ತಾಂಗಿಲ್ಲ" ಎಂದು ದೊಡ್ಡಪ್ಪ ನೆನಪಿಸಿದ. "ನಾಳೆ ಫ್ಯಾಕ್ಟರಿ ಬಂದ್ರ ಇಬ್ರೂ ಅದರ ಬುಡಕ."

"ಬರ್ಲಿ ದೊಡ್ಡಪ್ಪ" ಎಂದ ಅಣ್ಣ. "ಬುಡಕಾದ್ರೂ ಇಬ್ರೂ ಒಂದಾ ಕಡಿ ಇರ್ತಾರ."

ದೊಡ್ಡಪ್ಪ ಸಲಿಕೆಯನ್ನು ಹೆಗಲಿಗೇರಿಸಿ, ಹಂಗಾದ್ರ ಆಕಿ ಮಣ್ಣು ಮಗಳ ಉಡಿಯಾಗ ಬರ್ಲಿ ಎಂದ. ನನಗೋ ಹಬ್ಬದ ದಿನ ರಜೆ ಸಿಗಲಿಲ್ಲ. ನಾನು ಸಿಟ್ಟು ಮಾಡಿಕೊಂಡು ಕೂತಿದ್ದಾಗ ಅಣ್ಣನೇ, "ಅವ್ವಗ ನಿನ್ನ ಗಾಡಿ ಹತ್ತೋ ಆಸಿ ಇತ್ತಲ್ಲ, ಅದ್ರಾಗ ಕರ್ಕೊಂಡು ಬಾ" ಎಂದ. ಅಮಾವಾಸ್ಯೆ ದಿನ ಊರ ಬಾಗಿಲಲ್ಲಿ ಗಾಡಿ ನಿಂತಿತು. ಬೆಳಿಗ್ಗೆಯೇ ಏರಿಯ ಕೆಳಗೆ ಹೋಗಿ ಪೂಜೆ ಮಾಡಿ ಎತ್ತಿದ ಹಿಡಿ ಮಣ್ಣನ್ನು ಹಸಿರು ಕುಪ್ಪಸದ ಖಣದಲ್ಲಿ ಕಟ್ಟಿ ಅಣ್ಣ ನನ್ನ ಕೈಗಿಟ್ಟ. ಖಾಕಿಗೆ ಉಡಿ ಎಲ್ಲಿಂದ ಬರಬೇಕು? ಕಂಡಕ್ಟರ್ ಸೀಟಿನಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡೆ. ಕೆರೆ ಬುಡದ ಮಣ್ಣಲ್ಲವೇ, ಒಳಗಿನ ತಂಪು ಖಾಕಿಯ ಮೂಲಕ ತಾಗುತ್ತಿತ್ತು. ಆಮೇಲೆ ಯಂತ್ರ ಒತ್ತಿದೆ. ನಮ್ಮೂರಿಂದ ಫ್ಯಾಕ್ಟರಿ, ಹೆಂಗಸು ಒಬ್ಬರು, ದರ ಸೊನ್ನೆ. ಡಿಪೊದವರು ಕೇಳಿದರೆ ಕೇಳಲಿ, ನನ್ನ ಗಾಡಿಯಲ್ಲಿ ನನ್ನವ್ವ ಟಿಕೆಟ್ ಇಲ್ಲದೆ ಕೂರುವವಳಲ್ಲ.

ಡ್ರೈವರ್ ಬಸವೇಶನಿಗೆ ವಿಷಯ ಹೇಳಿದ್ದೆ. ಫ್ಯಾಕ್ಟರಿ ಸ್ಟಾಪಿನಲ್ಲಿ ಅವನು ಎಂಜಿನ್ ಬಂದ್ ಮಾಡಿದ. ಅಣ್ಣ ಬೈಕಿನಲ್ಲಿ ಬಂದು ಸೇರಿದ. ಬಸ್ಸಿನಲ್ಲಿ ಯಾರೂ ತಡವಾಯಿತೆಂದು ಗೊಣಗಲಿಲ್ಲ. ನಾಲ್ಕು ಕಲ್ಲಿನ ನಡುವೆ, ಅಪ್ಪನ ಕಡೆಗೆ ಒತ್ತಿ ಅಣ್ಣ ತೋಡಿದ ಕುಳಿಯಲ್ಲಿ ನಿನ್ನನ್ನೂ ನಿನ್ನ ಟಿಕೆಟ್ಟನ್ನೂ ಇಟ್ಟು, ಅಪ್ಪನ ಮೇಲಿನ ಒಂದು ಹಿಡಿ ಮಣ್ಣು ತೆಗೆದು ನಿನ್ನ ಮೇಲೆ ಹಾಕಿ ಮುಚ್ಚಿದೆ. ಎಡೆ ಒಂದೇ ಎಲೆಯಲ್ಲಿ ಬಡಿಸಿದ್ದಳು ಅತ್ತಿಗೆ.

ಆದರೂ ಅವ್ವ, ಬಂದದ್ದು ಒಂದು ಹಿಡಿ. ಉಳಿದ ನೀನು ಇನ್ನೂ ಕೆರೆ ಏರಿಯ ಕೆಳಗೇ ಇದ್ದೀ, ಅದು ನನಗೆ ಗೊತ್ತು. ಬಾರದವರ ದಾರಿ ಕಾಯುತ್ತಾ ಕಳೆದ ವರ್ಷಗಳನ್ನು ಯಾವ ಪರಿಹಾರವೂ ತಿರುಗಿ ಕೊಡುವುದಿಲ್ಲ. ಹೋದ ವಾರ ಮತ್ತೆ ಜೀಪು ಬಂದಿತ್ತಂತೆ, ಗಡಿಕಲ್ಲುಗಳಿಗೆ ಹೊಸ ಬಣ್ಣ ಬಿದ್ದಿದೆ. ಈ ಸಲ ಬರುತ್ತಾರೋ ಇಲ್ಲವೋ, ಯಾರಿಗೆ ಗೊತ್ತು?

ಇಷ್ಟು ವರ್ಷ ಬರೆಯದೆ ಈಗ ಯಾಕೆ ಬರೆಯಲು ಕೂತೆ ಎಂದು ಹೇಳುತ್ತೇನೆಂದಿದ್ದೆನಲ್ಲ. ಇಷ್ಟು ದಿನ ಓದಿ ಹೇಳುವವನು ನಿನ್ನ ಪಕ್ಕದಲ್ಲಿರಲಿಲ್ಲ, ಈಗ ಇದ್ದಾನೆ, ಅದಕ್ಕೆ. ನಾಳೆ ಡ್ಯೂಟಿಗೆ ಹೋಗುವಾಗ ಇಳಿದು ಇದನ್ನು ನಿನ್ನ ಕಲ್ಲಿನ ಕೆಳಗೆ ಇಟ್ಟು ಬರುತ್ತೇನೆ. ಅಪ್ಪನ ಕೈಗೆ ಕೊಡು, ನಿಧಾನವಾಗಿ ಓದಲಿ. ನಡುವೆ ಏನೋ ಬಿಟ್ಟರೆಂದು ತಕರಾರು ತೆಗೆದು ಇನ್ನೊಂದು ಸಲ ಓದಿಸು.

ಇಬ್ಬರೂ ತಣ್ಣಗಿರಿ, ಅಲ್ಲಿಂದಲೇ ನಮ್ಮನ್ನು ಹರಸಿರಿ.

ನಿನ್ನ ಗಾಡಿಯ ಕಂಡಕ್ಟರ್,
ಶಿವಲೀಲಾ