ಮಾವನ ಒಂಬತ್ತು ಗೋಲು

ಜೂನ್ 3, ಸೋಮವಾರ
ಒಂಬತ್ತು ಗೋಲಿನ ಕಥೆಯನ್ನು ಮೊದಲು ಹೇಳಿದವರು ಮಾವನೇ. ಇವತ್ತು ಬೆಳಿಗ್ಗೆ, ಕಟಿಂಗ್ ಶಾಪಿನಲ್ಲಿ. ಬೇಕರಿಗೆ ವಾರದ ರಜೆ, ನನ್ನ ಮುಖದ ತುಂಬ ಸೋಪು — ತಡೆಯಲು ಬಾಯಿ ತೆರೆಯುವ ಹಾಗಿಲ್ಲ.

"ಒಂಬತ್ತು–ಸೊನ್ನೆ! ಈ ಮುರಿದ ಕೈಯಲ್ಲಿ!"

ಕಾದು ಕುಳಿತಿದ್ದವರೆಲ್ಲ ಪೇಪರ್ ಮಡಚಿದರು. ಕ್ಷೌರಿಕ ಕೇಳಿದ: "ಯಜಮಾನ್ರೇ, ನಿಜವಾದ ಫುಟ್‌ಬಾಲಾ, ಟೀವಿದಾ?"

"ಟೀವಿದೇ. ಆದ್ರೇನು, ಗೋಲು ಗೋಲೇ."

"ಭಾನುವಾರ ನನ್ ಜೊತೆ ಆಡಿ, ನೋಡೇಬಿಡೋಣ."

"ಬಾರಯ್ಯ. ಕತ್ತರಿ ಅಂಗಡೀಲೇ ಇಟ್ಟು ಬಾ."

ವಿಡಿಯೋ ಗೇಮ್‌ನ ಮಟ್ಟವನ್ನು 'ಅತಿ ಸುಲಭ'ಕ್ಕೆ ಇಳಿಸಿಟ್ಟವನು ನಾನು. ಮಾವನಿಗೆ ಗೊತ್ತಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರ್ ಎಚ್ಚರಿಸಿದ್ದರು — ಬೆರಳು ಆಡಿಸದಿದ್ದರೆ ಹಾಗೇ ಬಿಗಿದುಕೊಳ್ಳುತ್ತವೆ. ಆಯುಷ್ಯವಿಡೀ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ. ಈಗ ಅಂಗಿಯ ಗುಂಡಿಯನ್ನೂ ಮಗಳೇ, ಅಂದರೆ ನನ್ನ ಹೆಂಡತಿಯೇ, ಹಾಕಬೇಕು. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡು ಸೋಫಾ ಕೆಳಗೆ ಸೇರಿತು. ಗೇಮ್ ಕೊಟ್ಟೆ, ಸೋತು ಸೋತು ಅದನ್ನೂ ಬಿಡುವುದರಲ್ಲಿದ್ದರು. ಅದಕ್ಕೇ ಇಳಿಸಿದ್ದು... ಆದರೆ ಇಬ್ಬರು ಎದುರುಬದುರು ಆಡುವಾಗ ಮಟ್ಟದ ಆಸರೆ ಇರುವುದಿಲ್ಲ.

ಜೂನ್ 5
ನಿನ್ನೆ ರಾತ್ರಿ ಗುಟ್ಟಾಗಿ 'ಸಾಧಾರಣ'ಕ್ಕೆ ಏರಿಸಿದ್ದೆ, ಸ್ವಲ್ಪ ಅಭ್ಯಾಸವಾಗಲಿ ಎಂದು. ಕೆಲಸ ಮುಗಿಸಿ ಮಧ್ಯಾಹ್ನ ಬಂದು ನೋಡಿದರೆ ಮಾವ ಎಂಟು–ಸೊನ್ನೆ! ಸೆಟ್ಟಿಂಗ್ ತೆರೆದು ನೋಡಿದೆ — ಮತ್ತೆ 'ಅತಿ ಸುಲಭ'. ಮೆಷಿನ್ನಿಗೇನು ತಲೆ ಕೆಟ್ಟಿತೇ?

ಇವಳು ನಗುತ್ತಾಳೆ. "ಭಾನುವಾರ ಅಪ್ಪನ ಮಾನ ಹೋದ್ರೆ, ನಿಮ್ಗೆ ನಿಮ್ ಬೇಕರಿ ಬನ್ನೇ ಊಟ."

ಜೂನ್ 7, ಮಧ್ಯಾಹ್ನ
ಓವನ್ ಕೆಟ್ಟಿತು, ಬೇಗ ಬಂದೆ. ಮೆಟ್ಟಿಲಿನವರೆಗೂ ಮಾವನ ಬೈಗುಳ. ಪರದೆಯ ಮೇಲೆ 'ಅತಿ ಕಠಿಣ'. ಎರಡು–ಮೂರರಲ್ಲಿ ಸೋಲುತ್ತಿದ್ದಾರೆ, ಬೆವರಿದ್ದಾರೆ. ಹೆಬ್ಬೆರಳು ಮಾತ್ರ ಸರಸರ ಓಡುತ್ತಿದೆ.

"ಮಾವ! ಯಾವಾಗಿಂದ ಇದು?"

ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕರು. "ಆ ಒಂಬತ್ತು ಗೋಲಿನ ಮಾರನೇ ದಿನದಿಂದ. ಗೋಲ್‌ಕೀಪರ್ ಬಸ್ಸಿಗೆ ಕಾಯೋನ ಥರ ನಿಂತಿದ್ದ. ಡ್ರೈವರಿಗೆ ಅಷ್ಟೂ ಗೊತ್ತಾಗಲ್ವಾ, ಅಳಿಯಂದ್ರೇ?"

"ಮತ್ತೆ ಇಳಿಸ್ತಿದ್ದಿದ್ದು?"

"ನಾನೇ. ಸುಸ್ತಾಗಿ ಬರ್ತೀರಿ. ನಾನು ಗೆದ್ರೆ ನೀವು ಹಾಗೆ ಕುಣೀತೀರಲ್ಲ... ಅದನ್ಯಾಕೆ ತಪ್ಪಿಸ್ಲಿ ಅಂತ, ನೀವು ಬರೋ ಹೊತ್ತಿಗೆ ಸುಲಭಕ್ಕೆ ತಂದಿಡ್ತಿದ್ದೆ."

ಟೀ ಇಟ್ಟೆ.

ಜೂನ್ 9, ರಾತ್ರಿ
ಎರಡು–ಒಂದು. ಗೆದ್ದವರು ಮಾವ! ಕಡೇ ಗೋಲಿಗೆ ಇವಳು ಹಾಕಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಕ್ಷೌರಿಕ, "ಯಜಮಾನ್ರೇ, ಇನ್ಮೇಲೆ ನಿಮ್ ಗಡ್ಡ ಫ್ರೀ" ಎಂದು ಕೈ ಮುಗಿದ. ಅವನ ಜೊತೆ ನೋಡಲು ಬಂದಿದ್ದ ಅಂಗಡಿ ಬೆಂಚಿನವರಿಗೆ ಮಾವ ಸುಲಭ–ಕಠಿಣದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದರು. ನಕ್ಕು ನಕ್ಕು ಒಬ್ಬರಿಗೆ ಟೀ ನೆತ್ತಿಗೇರಿತು.

ಆಟಕ್ಕೆ ಮುಂಚೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಗುಂಡಿ ಹಾಕಲು ಇವಳು ಹೋದರೆ, ಆಗಲೇ ಎಲ್ಲ ಹಾಕಿಯಾಗಿತ್ತು. ಕುತ್ತಿಗೆಯದೂ ಸಹ.

ಜೂನ್ 10, ಬೆಳಿಗ್ಗೆ
ರಜೆ, ಮಲಗೋಣವೆಂದರೆ ಬೆಲ್. ಬಾಗಿಲಲ್ಲಿ ನಿನ್ನೆ ಕಥೆ ಕೇಳಿದವರೆಲ್ಲ! ಚಪ್ಪಲಿ ಬಿಟ್ಟು ಒಳಗೇ ಬಂದರು. "ಆ ಒಂಬತ್ತು ಗೋಲಿನ ಮಟ್ಟ ನಮ್ಗೂ ಹಾಕ್ಕೊಡಿ." ಕ್ಷೌರಿಕನೂ ಇದ್ದಾನೆ, ಅಂಗಡಿಯ ಶಟರ್ ಎಳೆದೇ ಬಂದಿದ್ದಾನೆ. ಮಾವ ಪರದೆಗೆ ಅಡ್ಡ ನಿಂತು 'ಅತಿ ಕಠಿಣ' ಒತ್ತಿದರು, ನನ್ನತ್ತ ಕಣ್ಣು ಹೊಡೆದರು. ಮೊದಲು ಆಡುವವನು ತೋಳು ಮಡಚುತ್ತಿದ್ದಾನೆ. ಇದನ್ನು ಆಮೇಲೆ ಬರೆ—