ಕೆರೆ ಏರಿ ಮೇಲೆ ಇಬ್ಬರು

ಲೇ ಪುಟ್ಟತಾಯಿ,

ಆ ಅಜ್ಜಿ ಕೊನೆಗೂ ನಗಲಿಲ್ಲ ಕಣೇ. ಆಸ್ಟ್ರೇಲಿಯಾದ ಮರಳುಗಾಡಿನ ಮೂಲನಿವಾಸಿ ಅವಳು. ಐರ್ಲೆಂಡಿನ ಈ ಗಾಲ್ವೇಲಿ ನಾನು ಕಸ ಗುಡಿಸೋ ಹಾಲ್‌ನಲ್ಲಿ ಅವಳು ಬರೆದ ಚಿತ್ರ ಇಟ್ಟವ್ರೆ. ಚಿತ್ರದಲ್ಲಿರೋದು ಅವಳ ಊರಿನ ನೀರಿನ ಹೊಂಡವಂತೆ. ತೀರ್ಕೊಂಡ ಅವಳ ಹಿರೀಕರು ಇವತ್ತಿಗೂ ಅಲ್ಲೇ ಕೂತವ್ರಂತೆ. ಅವರಿಗೆ ಕೇಳಲಿ ಅಂತ ಹಾಡ್ಕೊಂಡೇ ಬರೀತಾಳೆ.

ಇವತ್ತು ನೆಲದ ಮೇಲೆ ಮರಳು ಹರಡಿ, ಬಂದವರಿಗೆಲ್ಲ "ನಿಮ್ಮ ನೆಲ ಬರೀರಿ" ಅಂದ್ಲು. ಮನುಷ್ಯ ಕೂತಿದ್ರೆ ಕುದುರೆ ಲಾಳದ ಥರ ಗುರುತು ಹಾಕ್ಬೇಕು. ಮರಳಲ್ಲಿ ಕೂತೆದ್ರೆ ಉಳಿಯೋ ಅಚ್ಚು ಅದು. ನಾನು ನಮ್ಮೂರ ಕೆರೆ, ಏರಿ, ಹುಣಸೆಮರ ಗೀಚಿ, ಒಂದು ಲಾಳ ಹಾಕ್ದೆ. "ಇದು ನಾನು, ಹೊಟ್ಟೆಗೆ ಜಾಗ ಸಾಲ್ಲಿಲ್ಲ" ಅಂದೆ. ಐರಿಶ್ ಜನ ಎಲ್ಲ "ಗ್ರ್ಯಾಂಡ್" ಅಂತ ನಕ್ರು. ಅಜ್ಜಿ ನಗಲಿಲ್ಲ.

"ಪಕ್ಕದಲ್ಲಿ ಯಾರು?"

"ಹೆಂಡ್ತಿ ಇದ್ಲು. ಹೋದ ವರ್ಷ ತೀರ್ಕೊಂಡ್ಲು."

"ಅಲ್ಲಿ ಕೂತಿದ್ಲು ತಾನೇ? ಹಾಕು."

ಹಾಕ್ದೆ. ಇನ್ನೊಂದ್ಸಲ ಊರಿಗೆ ಹೋಗಿ ಆ ಏರಿ ಮೇಲೆ ಕೂತು ಬರೋಣ ಅಂತ ನೀನು ಕೇಳ್ತಾನೇ ಇದ್ದೆ. ನಾನು ಏನಾದ್ರೂ ಹೇಳಿ ನಗಿಸ್ತಾನೇ ಇದ್ದೆ. ಆ ಅಜ್ಜಿ ಥರ ನೀನೂ ಒಂದ್ಸಲ ನಗದೇ ಇರ್ಬೇಕಿತ್ತು.

ಈಗ ಎಲ್ಲ ಹೊರಟ್ರು. ಮರಳು ಬಳಿದು ಚೀಲಕ್ಕೆ ತುಂಬೋದು ನನ್ನ ಕೆಲಸ. ಸುತ್ತ ಇರೋದೆಲ್ಲ ಬಳಿದೆ. ಆ ಎರಡು ಲಾಳದ ಮುಂದೆ ಪೊರಕೆ ಇಟ್ಕೊಂಡು ಕೂತಿದೀನಿ.

"ಅಣ್ಣಾ, ಊಟಕ್ಕೆ ಬನ್ನಿ, ಅನ್ನ ಆರೋಗ್ತೈತೆ!" ಕ್ಯಾಂಟೀನಿಂದ ನಮ್ಮ ಮೈಸೂರ ಹುಡುಗಿ ಚೈತನ್ಯಾ ಕೂಗ್ತಾವ್ಳೆ.

ನೀನು ಕೂತಿರು. ಉಂಡು ಬರ್ತೀನಿ.